ಮೂವತ್ತೆಂಟಕ್ಕೆ ಎಸ್ಸೆಸ್ಸೆಲ್ಸಿ ಕಟ್ಟುವುದು: ಖಾಸಗಿಯಾಗಿಯೋ, ಮುಕ್ತ ಶಾಲೆಯಲ್ಲೋ?

ಸಂಕದಾಚೆ · ಭಾನುವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ನಮ್ಮ ಮನೆ. ವಯಸ್ಸು 38. ಒಂಬತ್ತು ಪಾಸಾಗಿ, ಹತ್ತಕ್ಕೆ ಹೆಸರು ಹಚ್ಚಿ, ಎರಡು ತಿಂಗಳು ಹೋಗಿ ಬಿಟ್ಟವಳು ನಾನು. ಆ ಮಳೆಗಾಲ ಅಪ್ಪನಿಗೆ ಹುಷಾರಿರಲಿಲ್ಲ, ಹಳ್ಳ ದಾಟಲು ಹಾಕಿದ್ದ ಸಂಕವೂ (ಕಾಲುಸೇತುವೆ) ಕೊಚ್ಚಿಹೋಗಿತ್ತು. ಸಂಕವನ್ನು ಮತ್ತೆ ಹಾಕಿದರು, ನಾನು ಮತ್ತೆ ಹೋಗಲಿಲ್ಲ.

ಮಗಳು ಈಗ ಒಂಬತ್ತನೆಯ ತರಗತಿ. ಅವಳಿಗಿಂತ ಒಂದು ವರ್ಷ ಮೊದಲು ನಾನು ಹತ್ತು ಮುಗಿಸಬೇಕು ಎಂಬ ಹಟ ಹುಟ್ಟಿದೆ. ಪಾಸಾದರೆ ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಹುದ್ದೆಗೆ ಅರ್ಜಿ ಹಾಕಬಹುದು ಎಂದು ಯಾರೋ ಹೇಳಿದರು. ಶಾಲೆಗೆ ಹೋಗದೆ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಲೇ ಅಥವಾ ಎನ್‌ಐಒಎಸ್ ಎಂಬ ಮುಕ್ತ ಶಾಲೆಗೆ ಸೇರಲೇ? ಮುಕ್ತ ಶಾಲೆಯಲ್ಲಿ ಗಣಿತ ತೆಗೆದುಕೊಳ್ಳದೆಯೂ ಹತ್ತು ಮುಗಿಸಬಹುದಂತೆ, ನಿಜವೇ? ಗಣಿತವೆಂದರೆ ನನಗೆ ಈಗಲೂ ಹೊಟ್ಟೆ ಹಿಂಡುತ್ತದೆ.

ಇನ್ನೊಂದು ವಿಷಯ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಅಡಿಕೆ ಸುಲಿಯುವ ಕೆಲಸ. ಕೆಲವು ರಾತ್ರಿ ಹನ್ನೊಂದಾಗುತ್ತದೆ. ಓದಲು ಸಮಯವಿರುವುದು ಈಗ, ಮಳೆಯಲ್ಲಿ ಮಾತ್ರ.

ಗಾಜನೂರು ಗಾಳಿ · ರಾತ್ರಿ 10:05

ಮೊದಲು ಕಟ್ಟಿ ಅಕ್ಕ. ಯಾವುದರಲ್ಲಿ ಎಂಬುದು ಆಮೇಲಿನ ಮಾತು.

ಸೀಮೆಸುಣ್ಣ · ರಾತ್ರಿ 10:40

ಗಾಳಿಯವರೇ, ಯಾವುದರಲ್ಲಿ ಎಂಬುದೇ ಮೊದಲ ಮಾತು. ಸಾಗರ ತಾಲ್ಲೂಕಿನಲ್ಲಿ ಮೂವತ್ತೊಂದು ವರ್ಷ ಗಣಿತ ಪಾಠ ಮಾಡಿದವನು ನಾನು, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ತಂಗಿ, ರಾಜ್ಯ ಮಂಡಳಿಯ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಲು 15 ವರ್ಷ ತುಂಬಿದ್ದರೆ ಸಾಕು, ಮೇಲಿನ ವಯೋಮಿತಿ ಇಲ್ಲ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಒಟ್ಟು 625 ಅಂಕ. ಪ್ರಥಮ ಭಾಷೆ ಕನ್ನಡಕ್ಕೆ 125, ಉಳಿದ ಐದಕ್ಕೆ ನೂರು ನೂರು. ಶಾಲೆಗೆ ಹೋಗುವ ಮಕ್ಕಳಿಗೆ ಇದರಲ್ಲಿ ಆಂತರಿಕ ಅಂಕಗಳು ಸೇರಿರುತ್ತವೆ. ಹೊಸದಾಗಿ ಖಾಸಗಿಯಾಗಿ ಕಟ್ಟುವವರಿಗೆ ಆ ಕೃಪೆ ಇಲ್ಲ, ಅಷ್ಟೂ ಅಂಕವನ್ನು ಬರೆದೇ ಗಳಿಸಬೇಕು. ಪರೀಕ್ಷೆ ಬೇಸಿಗೆಯ ಹೊತ್ತಿಗೆ ಬಂದರೂ ನೋಂದಣಿ ಹಿಂದಿನ ವರ್ಷವೇ ಮುಗಿದಿರುತ್ತದೆ. ಆದ್ದರಿಂದ ನಿಮ್ಮ ಹಳೆಯ ಟಿ.ಸಿ. ಹಿಡಿದು ಈ ವಾರವೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ, ಯಾವ ಪ್ರೌಢಶಾಲೆಯ ಮೂಲಕ ಕಟ್ಟಬೇಕೆಂದು ಕೇಳಿ.

ಎನ್‌ಐಒಎಸ್ ಕೇಂದ್ರ ಸರ್ಕಾರದ್ದು, 1989ರಲ್ಲಿ ಶುರುವಾದ ಸಂಸ್ಥೆ. ಐದು ವಿಷಯ ಸಾಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಗಣಿತ ಕಡ್ಡಾಯವಲ್ಲ, ನೀವು ಕೇಳಿದ್ದು ನಿಜ. ಗೃಹ ವಿಜ್ಞಾನ, ಚಿತ್ರಕಲೆ ಎಲ್ಲ ಇದೆ. ಒಮ್ಮೆ ಸೇರಿದರೆ ಐದು ವರ್ಷದ ಅವಧಿ, ಒಂದೊಂದೇ ವಿಷಯ ಬರೆದು ಕೂಡಿಸಿಕೊಳ್ಳಬಹುದು.

ಎರಡರಲ್ಲೂ ತೇರ್ಗಡೆಗೆ 35 ಬೇಕು.

ಮೂರನೇ ಬೆಂಚು · ರಾತ್ರಿ 10:52

ಮೇಷ್ಟ್ರೇ, 35 ಎಂಬುದು ನಮ್ಮ ಕಾಲದ್ದು. ಎನ್‌ಐಒಎಸ್‌ನಲ್ಲಿ 33. ರಾಜ್ಯ ಮಂಡಳಿಯೂ 2025-26ರಿಂದ 33ಕ್ಕೆ ಇಳಿಸಿದೆ: 625ಕ್ಕೆ ಒಟ್ಟು 206 ಆಗಬೇಕು, ಪ್ರತಿ ವಿಷಯದಲ್ಲೂ ಕನಿಷ್ಠ ಶೇ. 30 ಬರಬೇಕು.

ಸೀಮೆಸುಣ್ಣ · ರಾತ್ರಿ 11:01

ತಪ್ಪೊಪ್ಪಿಕೊಂಡೆ. ನಿವೃತ್ತನಾದವನ ಕೈಯಲ್ಲಿ ಹಳೆಯ ಸುತ್ತೋಲೆಯೇ ಇರುತ್ತದೆ. ಆದರೂ ಮೂವತ್ತಕ್ಕೆ ಗುರಿಯಿಟ್ಟವನಿಗೆ ಇಪ್ಪತ್ತೆಂಟು ಬರುವುದನ್ನು ಮೂವತ್ತೊಂದು ವರ್ಷ ನೋಡಿದ್ದೇನೆ. ಐವತ್ತಕ್ಕೆ ಗುರಿಯಿಡಿ.

ಭದ್ರೆಯ ದಡ · ಸೋಮವಾರ, ಬೆಳಿಗ್ಗೆ 6:30

ನಾನು ಭದ್ರಾವತಿ. ಕಾರ್ಖಾನೆಯ ಗುತ್ತಿಗೆ ಕೆಲಸ ಹೋದ ಮೇಲೆ 41ನೇ ವಯಸ್ಸಿನಲ್ಲಿ ಎನ್‌ಐಒಎಸ್‌ನಲ್ಲಿ ಹತ್ತು ಮುಗಿಸಿದೆ. ಯಾರೂ ಇದನ್ನು ಕೀಳು ಎಂದು ಹೇಳಬೇಡಿ, ಪ್ರಮಾಣಪತ್ರಕ್ಕೆ ಅಷ್ಟೇ ಬೆಲೆ ಇದೆ. ವರ್ಷಕ್ಕೆ ಎರಡು ಬಾರಿ ಪರೀಕ್ಷೆ: ಏಪ್ರಿಲ್-ಮೇ ಒಂದು, ಅಕ್ಟೋಬರ್-ನವೆಂಬರ್ ಇನ್ನೊಂದು. ಅಕ್ಕ, ಎರಡನೆಯದು ನಿಮ್ಮ ಅಡಿಕೆ ಕೊಯ್ಲಿಗೆ ಸರಿಯಾಗಿ ಬಂದು ಬಡಿಯುತ್ತದೆ, ಅದನ್ನು ಬಿಡಿ. ಮನೆಯಲ್ಲೇ ಬರೆದು ಒಪ್ಪಿಸುವ ನಿಯೋಜಿತ ಕಾರ್ಯಕ್ಕೆ ಶೇ. 20 ಅಂಕ ಇದೆ. ನಾನು ಅದನ್ನು ರಾತ್ರಿ ಪಾಳಿಯ ಕಾವಲು ಕೆಲಸದಲ್ಲಿ ಕುಳಿತು ಬರೆದೆ.

ಒಂದೇ ಎಚ್ಚರಿಕೆ. ಯಾವ ವಿಷಯದ ಪುಸ್ತಕ, ಪ್ರಶ್ನೆಪತ್ರಿಕೆ ಯಾವ ಮಾಧ್ಯಮದಲ್ಲಿ ಸಿಗುತ್ತದೆ ಎಂಬುದನ್ನು ದುಡ್ಡು ಕಟ್ಟುವ ಮೊದಲೇ ಅಧ್ಯಯನ ಕೇಂದ್ರದಲ್ಲಿ ಕೇಳಿ. ಪಾರ್ಸೆಲ್ ಬಿಚ್ಚಿದಾಗ ಅಷ್ಟೂ ಇಂಗ್ಲಿಷ್ ಪುಸ್ತಕ ನೋಡಿ ನಾನು ಒಂದು ವಾರ ಅದನ್ನು ಕಪಾಟಿನ ಮೇಲಿಂದ ಇಳಿಸಲಿಲ್ಲ.

ಡಾಕ್ ಚೀಲ · ಬೆಳಿಗ್ಗೆ 8:15

ಯಾರೂ ಹೇಳದ ಮಾತು ನಾನು ಹೇಳಬೇಕಾಗಿದೆ. ಹೊಸನಗರ ಕಡೆ ಶಾಖಾ ಅಂಚೆ ಕಚೇರಿಯಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಡಾಕ್ ಸೇವಕ್ ಹುದ್ದೆಗೆ ಹತ್ತನೆಯ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಎರಡರಲ್ಲೂ ಪಾಸಾಗಿರಬೇಕು. ಮುಕ್ತ ಶಾಲೆಯಲ್ಲಿ ಗಣಿತ ಬಿಟ್ಟು ಚಿತ್ರಕಲೆ ತೆಗೆದುಕೊಂಡರೆ ಕೈಯಲ್ಲಿ ಪ್ರಮಾಣಪತ್ರ ಇರುತ್ತದೆ, ಅರ್ಜಿ ಮಾತ್ರ ಮುಂದೆ ಹೋಗುವುದಿಲ್ಲ.

ಇನ್ನೂ ಇದೆ. ಈ ನೇಮಕಾತಿಗೆ ಬೇರೆ ಪರೀಕ್ಷೆ ಇಲ್ಲ, ಸಂದರ್ಶನವೂ ಇಲ್ಲ. ಹತ್ತನೆಯ ತರಗತಿಯ ಶೇಕಡಾವಾರು ಅಂಕವನ್ನು ದಶಮಾಂಶದ ನಾಲ್ಕು ಸ್ಥಾನದವರೆಗೆ ಲೆಕ್ಕ ಹಾಕಿ ಪಟ್ಟಿ ಮಾಡುತ್ತಾರೆ. ತೊಂಬತ್ತರ ಮೇಲೆ ತೆಗೆದ ಹುಡುಗರು ಸಾಲುಗಟ್ಟಿ ನಿಂತಿರುತ್ತಾರೆ. ಬರಿಯ ಪಾಸು ಹಿಡಿದು ಹೋದರೆ ಏನೂ ಆಗುವುದಿಲ್ಲ. ವಯೋಮಿತಿ 18ರಿಂದ 40, ಹಿಂದುಳಿದ ವರ್ಗಕ್ಕೆ ಮೂರು ವರ್ಷ, ಪರಿಶಿಷ್ಟರಿಗೆ ಐದು ವರ್ಷ ಸಡಿಲಿಕೆ. ಅಕ್ಕನಿಗೆ ಸಮಯ ಕಡಿಮೆ.

ಗಾಜನೂರು ಗಾಳಿ · ಬೆಳಿಗ್ಗೆ 8:31

ಸ್ವಾಮಿ, ಓದಲು ಹೊರಟವರ ಬುಡಕ್ಕೆ ಬೆಳಿಗ್ಗೆ ಬೆಳಿಗ್ಗೆಯೇ ಕೊಡಲಿ ಹಾಕಬೇಕಿತ್ತೇ?

ಡಾಕ್ ಚೀಲ · ಬೆಳಿಗ್ಗೆ 8:44

ಎರಡು ವರ್ಷ ಓದಿ, ಗಣಿತ ಬಿಟ್ಟು, ಆಮೇಲೆ ಗೊತ್ತಾಗುವುದಕ್ಕಿಂತ ಇಂದು ಗೊತ್ತಾಗುವುದು ವಾಸಿ. ಸೈಕಲ್ ತುಳಿಯಲು ಬರಬೇಕು ಎಂದೂ ನಿಯಮದಲ್ಲಿದೆ, ಅದನ್ನು ಹೇಳಲು ಮರೆತೆ.

ಹೆದ್ದಾರಿಯ ಹುಡುಗ · ಬೆಳಿಗ್ಗೆ 8:50

ಆಗುಂಬೆ ಘಾಟಿಯಲ್ಲಿ ಸೈಕಲ್. ನಿಯಮ ಬರೆದವರು ಬಯಲುಸೀಮೆಯವರೇ ಇರಬೇಕು.

ನಂದಿನಿ ಡೈರಿ ಪಕ್ಕ · ಬೆಳಿಗ್ಗೆ 9:20

ಅಂಗನವಾಡಿ ಸಹಾಯಕಿ ಹುದ್ದೆಗೆ ಪ್ರಯತ್ನಿಸಿ ಅಕ್ಕ, ಅದಕ್ಕೂ ಎಸ್ಸೆಸ್ಸೆಲ್ಸಿ ಸಾಕು.

ಮೂರನೇ ಬೆಂಚು · ಬೆಳಿಗ್ಗೆ 9:26

ಅಲ್ಲಿ ವಯೋಮಿತಿ 35. ಅವರಿಗೆ 38 ಎಂದು ಮೊದಲ ಸಾಲಿನಲ್ಲೇ ಇದೆ.

ಕೆಂಪು ಹೆಂಚು · ಬೆಳಿಗ್ಗೆ 10:10

ಇಷ್ಟೆಲ್ಲ ಏಕೆ? ಮುಕ್ತ ವಿಶ್ವವಿದ್ಯಾಲಯದಲ್ಲಿ ಎಸ್ಸೆಸ್ಸೆಲ್ಸಿ ಇಲ್ಲದೆಯೇ ನೇರವಾಗಿ ಬಿ.ಎ. ಮಾಡಬಹುದು. ನಮ್ಮ ಮಾವ ಮಾಡಿದ್ದಾರೆ.

ಭದ್ರೆಯ ದಡ · ಬೆಳಿಗ್ಗೆ 10:25

ನಿಮ್ಮ ಮಾವನ ಕಾಲ ಮುಗಿಯಿತು. ಈಗ ಪದವಿಗೆ ಪಿಯುಸಿ ಕೇಳುತ್ತಾರೆ, ಪಿಯುಸಿಗೆ ಹತ್ತು ಕೇಳುತ್ತಾರೆ. ಏಣಿಯನ್ನು ಕೆಳಗಿನ ಮೆಟ್ಟಿಲಿನಿಂದಲೇ ಹತ್ತಬೇಕು.

ಸುಟ್ಟ ಬೆರಳು · ಮಧ್ಯಾಹ್ನ 1:15

ನಾನು ಮೋಸ ಹೋದ ಕಥೆ ಹೇಳಿದರೆ ಯಾರಿಗಾದರೂ ಉಪಯೋಗವಾದೀತು. ಆರು ವರ್ಷದ ಹಿಂದೆ ಬಸ್ ನಿಲ್ದಾಣದ ಕಂಬವೊಂದರ ಮೇಲೆ ಚೀಟಿ ನೋಡಿದೆ: 'ಮೂರು ತಿಂಗಳಲ್ಲಿ ಹತ್ತನೆಯ ತರಗತಿ ಪಾಸು, ನಪಾಸಾದವರು ಸಂಪರ್ಕಿಸಿ'. ಮಹಡಿಯ ಮೇಲೆ ಒಂದು ಕೋಣೆ, ಗೋಡೆಗೆ ದೊಡ್ಡ ದೊಡ್ಡ ಮುದ್ರೆಗಳ ಚಿತ್ರ. ಕಂತಿನಲ್ಲಿ ಹದಿನೆಂಟು ಸಾವಿರ ಕೊಟ್ಟೆ. ಪರೀಕ್ಷೆಯನ್ನು ಅವರೇ ಬೇರೆ ಊರಿಗೆ ಕರೆದುಕೊಂಡು ಹೋಗಿ ಬರೆಸಿದರು, ಪುಸ್ತಕ ತೆರೆದಿಟ್ಟುಕೊಂಡೇ ಬರೆದೆವು. ಅಂಕಪಟ್ಟಿ ನೋಡಲು ಬಲು ಚೆಂದ, ಹೊಳೆಯುವ ಕಾಗದ, ಎಲ್ಲದರಲ್ಲೂ ಎಂಬತ್ತರ ಮೇಲೆ. ಕೆಲಸಕ್ಕೆ ಸೇರಿದ ಕಡೆ ಪರಿಶೀಲನೆಗೆ ಕಳುಹಿಸಿದಾಗ ಅಂಥ ಮಂಡಳಿಗೆ ಮಾನ್ಯತೆಯೇ ಇಲ್ಲ ಎಂದು ಉತ್ತರ ಬಂತು. ಕೆಲಸ ಹೋದದ್ದಿರಲಿ, ಠಾಣೆಗೆ ಕರೆಯುತ್ತಾರೇನೋ ಎಂದು ಎರಡು ತಿಂಗಳು ಹೆದರಿ ಬದುಕಿದೆ. ಓದದೆ ಪಾಸು ಮಾಡಿಸುತ್ತೇವೆ ಎಂದವರ ಮೆಟ್ಟಿಲು ಹತ್ತಬೇಡಿ.

ನಂದಿನಿ ಡೈರಿ ಪಕ್ಕ · ಮಧ್ಯಾಹ್ನ 1:40

ಪುಸ್ತಕ ತೆರೆದು ಬರೆಯುವಾಗ ಅನುಮಾನ ಬರಲಿಲ್ಲವೇ?

ಸುಟ್ಟ ಬೆರಳು · ಮಧ್ಯಾಹ್ನ 1:52

ಬಂತು. ಹದಿನೆಂಟು ಸಾವಿರ ಕೊಟ್ಟಾಗಿತ್ತು.

ಕೊಪ್ಪದವನು, ದೂರದಿಂದ · ರಾತ್ರಿ 8:05

ನಾನಿರುವ ಅಮೆರಿಕದ ಊರಿನ ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ದೊಡ್ಡವರಿಗೆ ಲೆಕ್ಕ ಹೇಳಿಕೊಡುತ್ತೇನೆ. ಇಲ್ಲಿಯೂ ಶಾಲೆ ಬಿಟ್ಟವರಿಗೆ ಜಿಇಡಿ ಎಂಬ ಪರೀಕ್ಷೆ ಇದೆ. 1942ರಲ್ಲಿ, ಓದು ಅರ್ಧಕ್ಕೇ ನಿಂತ ಸೈನಿಕರಿಗೆಂದು ಶುರುವಾದದ್ದು. ಗಣಿತ, ಭಾಷೆ, ವಿಜ್ಞಾನ, ಸಮಾಜ, ನಾಲ್ಕೇ ವಿಷಯ. ಅಂಕ 100ರಿಂದ 200ರ ನಡುವೆ ಇರುತ್ತದೆ, ಪ್ರತಿಯೊಂದರಲ್ಲೂ 145 ಬಂದರೆ ಪಾಸು. ಒಂದೊಂದನ್ನೇ ಬೇರೆ ಬೇರೆ ದಿನ ಬರೆಯಬಹುದು. ಗಣಿತಕ್ಕೆ ಸೂತ್ರಗಳ ಹಾಳೆಯನ್ನೂ ಕೊಡುತ್ತಾರೆ. ನನ್ನ ಬಳಿ ಬರುವ ಟ್ರಕ್ ಚಾಲಕರೊಬ್ಬರು ಭಿನ್ನರಾಶಿ ಕಂಡರೆ ನಡುಗುತ್ತಿದ್ದರು. ಡೀಸೆಲ್ ಲೆಕ್ಕದಲ್ಲಿ ಕೇಳಿದರೆ ಮಾತ್ರ ಬಾಯಲ್ಲೇ ಹೇಳುತ್ತಿದ್ದರು.

ಹೆದ್ದಾರಿಯ ಹುಡುಗ · ರಾತ್ರಿ 8:12

ಸೂತ್ರದ ಹಾಳೆ ಕೊಡುತ್ತಾರೆಯೇ! ಇಲ್ಲಿ ಕೊಟ್ಟಿದ್ದರೆ ನಾನು ಎರಡು ಸಲ ಡುಮ್ಕಿ ಹೊಡೆಯುತ್ತಿರಲಿಲ್ಲ.

ಸಂಕದಾಚೆ · ಮಂಗಳವಾರ, ರಾತ್ರಿ 9:30

ಕರೆಂಟು ಇರಲಿಲ್ಲ, ಸಿಗ್ನಲ್ಲೂ ಇರಲಿಲ್ಲ. ಎಲ್ಲರ ಮಾತನ್ನೂ ಇಂದು ಗುಡ್ಡದ ಮೇಲೆ, ಕೊಡೆಯ ಕೆಳಗೆ ನಿಂತು ಓದಿದೆ.

ಡಾಕ್ ಚೀಲ ಅಣ್ಣನವರು ಬರೆದದ್ದು ಓದಿ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಗುಡ್ಡ ಇಳಿಯುವ ಹೊತ್ತಿಗೆ ಒಂದು ವಿಷಯ ಇತ್ಯರ್ಥವಾಗಿತ್ತು. ಗಣಿತ ಬಿಡುವುದಿಲ್ಲ. ಅಂಚೆಯ ಕೆಲಸ ಸಿಗಲಿ, ಬಿಡಲಿ. ನಮ್ಮ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ ಬರೆಯುವವಳು ನಾನೇ, ಹನ್ನೆರಡು ಜನರ ಉಳಿತಾಯ, ಸಾಲ, ಬಡ್ಡಿ ಎಲ್ಲ. ಬ್ಯಾಂಕಿನ ಅರ್ಜಿಯಲ್ಲಿ ವಿದ್ಯಾರ್ಹತೆ ಎಂಬ ಜಾಗ ಬಂದಾಗ ಮಾತ್ರ ಪೆನ್ನು ನಿಲ್ಲುತ್ತದೆ.

ಖಾಸಗಿಯಾಗಿಯೇ ಕಟ್ಟುತ್ತೇನೆ. ಮಗಳ ಪುಸ್ತಕಗಳೇ ಮುಂದೆ ಬರುತ್ತವಲ್ಲ, ಇಬ್ಬರಿಗೂ ಆಗುತ್ತದೆ.

ಸೀಮೆಸುಣ್ಣ · ರಾತ್ರಿ 9:48

ನಿಲ್ಲಿ, ನಿಲ್ಲಿ. ಹನ್ನೆರಡು ಜನರ ಸಾಲಕ್ಕೆ ಬಡ್ಡಿ ಹಾಕುವವರು ಗಣಿತ ಬರುವುದಿಲ್ಲ ಎನ್ನುತ್ತೀರಾ? ನಿಮಗೆ ಬಾರದಿರುವುದು ಗಣಿತದ ಪುಸ್ತಕದ ಭಾಷೆ. 'ಸಮಾಂತರ ಶ್ರೇಢಿ' ಎಂದು ಓದಿದರೆ ಯಾರಿಗಾದರೂ ಹೊಟ್ಟೆ ಹಿಂಡುತ್ತದೆ. ಮೊದಲ ವಾರ 10 ರೂಪಾಯಿ, ಆಮೇಲೆ ವಾರವಾರ ಐದೈದು ಹೆಚ್ಚಿಸಿ ಕಟ್ಟಿದರೆ ಇಪ್ಪತ್ತನೆಯ ವಾರ ಎಷ್ಟು ಕಟ್ಟುತ್ತೀರಿ? ಹತ್ತೊಂಬತ್ತು ಸಲ ಐದು ಸೇರಿತು, 95. ಮೊದಲಿನ ಹತ್ತು ಸೇರಿ 105. ಇದೇ ಆ ಶ್ರೇಢಿ.

ಅಡಿಕೆ ತೋಟವನ್ನೇ ತೆಗೆದುಕೊಳ್ಳಿ. ಒಂಬತ್ತಡಿಗೊಂದು ಸಸಿ ಎಂದರೆ ಒಂದಕ್ಕೆ 81 ಚದರಡಿ. ಎಕರೆಗೆ 43,560 ಚದರಡಿ. ಭಾಗಿಸಿದರೆ ಸುಮಾರು 537 ಮರ. ವಿಸ್ತೀರ್ಣದ ಪಾಠದಲ್ಲಿ ಇದಕ್ಕಿಂತ ಕಷ್ಟದ್ದು ಕಡಿಮೆ.

ಗೊರಬಲು · ರಾತ್ರಿ 9:59

537 ಯಾವ ಲೆಕ್ಕ ಮೇಷ್ಟ್ರೇ? ನಮ್ಮಲ್ಲಿ ಎಕರೆಗೆ 550 ಎಂದೇ ಹೇಳುವುದು.

ಕೆಂಪು ಹೆಂಚು · ರಾತ್ರಿ 10:03

ನಮ್ಮ ಹಳೆಯ ತೋಟ ಎಂಟಡಿಯದ್ದು, ಎಕರೆಗೆ 680 ಇತ್ತು. ಕೊಳೆ ರೋಗ ಬಂದ ವರ್ಷ ಅಷ್ಟೂ ಒಟ್ಟಿಗೆ ಉದುರಿತು. ಗಾಳಿ ಆಡಬೇಕು ಮಾರಾಯರೇ, ಹತ್ತಿರ ನೆಟ್ಟರೆ ಲಾಭ ಎಂದು ಯಾರು ಹೇಳಿದ್ದು?

ಗೊರಬಲು · ರಾತ್ರಿ 10:07

ಯಾರು ಹೇಳಿದರು ಲಾಭ ಎಂದು? ಈ ವರ್ಷ ಬೋರ್ಡೋ ಹೊಡೆಯಲು ಮಳೆ ಎರಡು ದಿನ ಬಿಡುವು ಕೊಟ್ಟಿದ್ದರೆ ಸಾಕಿತ್ತು. ನಿಮ್ಮ ಕಡೆ ಎಷ್ಟನೇ ಸಲ ಆಯಿತು?

ನಿರ್ವಾಹಕ · ರಾತ್ರಿ 10:15

ಔಷಧಿ ಹೊಡೆಯುವುದಕ್ಕೆ ಕೃಷಿ ವಿಭಾಗದಲ್ಲಿ ಬೇರೆ ಚರ್ಚೆ ನಡೆಯುತ್ತಿದೆ. ಇಲ್ಲಿ ಪರೀಕ್ಷೆ.

ಮುಳುಗಡೆ ಮನೆ · ರಾತ್ರಿ 10:40

ನನಗೆ ಎಪ್ಪತ್ತರ ಹತ್ತಿರ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ನಾನು ಒಂದನೆಯ ತರಗತಿಯ ಹುಡುಗ. ನಮ್ಮ ಶಾಲೆ ನೀರಿನ ಕೆಳಗಿದೆ, ಹೋಗಿ ಟಿ.ಸಿ. ಕೇಳಿ ಎಂದು ನಾನು ತಮಾಷೆ ಮಾಡುತ್ತಿರುತ್ತೇನೆ. ಗಂಟುಮೂಟೆ ಕಟ್ಟಿ ಹೋದ ಕಡೆ ಕಾಡು ಕಡಿದು ಗದ್ದೆ ಮಾಡುವುದರಲ್ಲೇ ಅಪ್ಪನ ಜೀವ ಹೋಯಿತು. ಓದು ಏಳಕ್ಕೆ ನಿಂತಿತು. ನಿವೃತ್ತಿಯಾಗುವ ಕೆಲಸವೇ ಇಲ್ಲದ ನನಗೆ ಅಂಕಪಟ್ಟಿ ಯಾವುದಕ್ಕೂ ಬೇಕಿರಲಿಲ್ಲ. ಆದರೂ 61ರಲ್ಲಿ ಕಟ್ಟಿದೆ. ಮೊದಲ ಸಲ ಇಂಗ್ಲಿಷ್ ಮತ್ತು ವಿಜ್ಞಾನ ಹೋಯಿತು, ಮರು ಪರೀಕ್ಷೆಯಲ್ಲಿ ವಿಜ್ಞಾನ ಬಂತು, ಇಂಗ್ಲಿಷ್ ಇನ್ನೂ ಒಂದು ವರ್ಷ ಆಟ ಆಡಿಸಿತು. ಕನ್ನಡದಲ್ಲಿ ಮಾತ್ರ 125ಕ್ಕೆ 108. ಹಳಗನ್ನಡ ಪದ್ಯ ನನಗೆ ಯಕ್ಷಗಾನ ನೋಡಿಯೇ ಅರ್ಧ ಗೊತ್ತಿತ್ತು.

ಮೂರನೇ ಬೆಂಚು · ರಾತ್ರಿ 10:55

ಈಗ ಅದು ಇನ್ನೂ ಸುಲಭ ರಾಯರೇ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಒಂದು ಎರಡು ಎಂದೇ ಹೆಸರು. ಹೆಚ್ಚು ಬಂದ ಅಂಕ ಉಳಿಯುತ್ತದೆ. ಅಂಚೆಗೆ ಹಾಕುವವರು ಇದನ್ನು ನೆನಪಿಡಬೇಕು, ಒಂದರಲ್ಲಿ ಕಡಿಮೆಯಾದರೆ ಅಲ್ಲಿಗೆ ಮುಗಿಯುವುದಿಲ್ಲ.

ಕುಂಕುಮದ ಭರಣಿ · ಬುಧವಾರ, ಬೆಳಿಗ್ಗೆ 7:10

ಎರಡು ವರ್ಷದ ಹಿಂದೆ ಶಿಕಾರಿಪುರದಲ್ಲಿ ನಾನು ಕಟ್ಟಿದ್ದೆ. ಓದಿಗಿಂತ ಕಷ್ಟವಾದದ್ದು ಆ ಬಾಗಿಲು ದಾಟುವುದು. ಮೊದಲ ದಿನ ಗೇಟಿನಲ್ಲಿ, "ಪೋಷಕರು ಹೊರಗೆ ನಿಲ್ಲಿ ಅಮ್ಮ" ಎಂದರು. ಪ್ರವೇಶಪತ್ರ ತೋರಿಸಿದೆ. ಒಳಗೆ ಹೋದರೆ ಬೆಂಚು ಪುಟ್ಟದು, ಮಂಡಿ ಮೇಲಿನ ಹಲಗೆಗೆ ತಾಗುತ್ತದೆ, ಸೀರೆಯ ಸೆರಗು ಮೊಳೆಗೆ ಸಿಕ್ಕಿಕೊಂಡಿತು. ಪಕ್ಕದ ಸಾಲಿನ ಹುಡುಗ ಮೆತ್ತಗೆ, "ಆಂಟಿ, ನೀವು ಎಷ್ಟನೇ ಸಲ?" ಎಂದು ಕೇಳಿದ. ಇದೇ ಮೊದಲು ಎಂದೆ. "ನಂದು ಮೂರನೇದು, ಹೆದರಬೇಡಿ" ಎಂದ!

ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷದಲ್ಲಿ ನನ್ನ ಕೈ ಬೆವರುತ್ತಿತ್ತು. ಆ ಹೊತ್ತಿನಲ್ಲಿ ಗೊತ್ತಿರುವ ಪ್ರಶ್ನೆಗಳನ್ನು ಮಾತ್ರ ಮನಸ್ಸಿನಲ್ಲಿ ಗುರುತು ಮಾಡಿಕೊಳ್ಳಿ ಅಕ್ಕ. ಇನ್ನೊಂದು, ಈಗಿನಿಂದಲೇ ಮೂರು ಗಂಟೆ ಕೂತು ಬರೆಯುವುದನ್ನು ರೂಢಿ ಮಾಡಿ. ತಲೆಯಲ್ಲಿ ಉತ್ತರ ಇತ್ತು, ಒಂದು ಗಂಟೆಗೇ ಬೆರಳು ಸೋತುಹೋಯಿತು.

ಭದ್ರೆಯ ದಡ · ಬೆಳಿಗ್ಗೆ 7:40

ಹೆಸರಿನ ವಿಷಯ ಯಾರೂ ಹೇಳಲಿಲ್ಲ. ಟಿ.ಸಿ.ಯಲ್ಲಿ ತಂದೆಯ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಹುಟ್ಟಿದ ದಿನಾಂಕ ಎರಡರಲ್ಲೂ ಬೇರೆ, ಹೀಗಿದ್ದರೆ ಅರ್ಜಿ ತುಂಬುವ ಮೊದಲೇ ಸರಿ ಮಾಡಿಸಿಕೊಳ್ಳಿ. ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದ ಮೇಲೆ ತಿದ್ದಿಸಲು ಅಲೆಯುವುದು ಪರೀಕ್ಷೆಗಿಂತ ದೊಡ್ಡ ಪರೀಕ್ಷೆ.

ಸಂಕದಾಚೆ · ಬೆಳಿಗ್ಗೆ 8:00

ಅಯ್ಯೋ, ನನ್ನದು ಹಾಗೆಯೇ ಇದೆ. ಹುಟ್ಟಿದ್ದು ಶ್ರಾವಣದಲ್ಲಿ ಎಂದು ಅಮ್ಮ ಹೇಳುತ್ತಾರೆ, ಶಾಲೆಯಲ್ಲಿ ಜೂನ್ 1 ಎಂದು ಬರೆದಿದ್ದಾರೆ.

ಸೀಮೆಸುಣ್ಣ · ಬೆಳಿಗ್ಗೆ 8:20

ಮಲೆನಾಡಿನ ಅರ್ಧ ಜನ ಜೂನ್ 1ರಂದೇ ಹುಟ್ಟಿದವರು. ಬರೆದ ಪಾಪಿಗಳಲ್ಲಿ ನಾನೂ ಒಬ್ಬ. ಟಿ.ಸಿ.ಯಲ್ಲಿರುವುದನ್ನೇ ಹಿಡಿದು ಆಧಾರ್ ಸರಿಮಾಡಿಸಿ.

ಪಠ್ಯಪುಸ್ತಕಗಳೆಲ್ಲ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಹಳೆಯ ಪ್ರಶ್ನೆಪತ್ರಿಕೆಗಳು ಪರೀಕ್ಷಾ ಮಂಡಳಿಯ ಜಾಲತಾಣದಲ್ಲಿವೆ. ತೀರ್ಥಹಳ್ಳಿಗೆ ಬಂದ ದಿನ ಮೊಬೈಲಿಗೆ ಇಳಿಸಿಕೊಂಡು ಹೋಗಿ, ಗುಡ್ಡ ಹತ್ತುವ ಕೆಲಸ ತಪ್ಪುತ್ತದೆ.

ಸಂಕದಾಚೆ · ಶನಿವಾರ, ರಾತ್ರಿ 9:15

ಬಿಇಒ ಕಚೇರಿಗೆ ಹೋಗಿ ಬಂದೆ, ಶಾಲೆಯ ಹೆಸರು ಹೇಳಿದ್ದಾರೆ. ಪುಸ್ತಕ ಇಳಿಸಿಕೊಂಡೆ. ಸಂಖ್ಯಾಶಾಸ್ತ್ರದ ಪಾಠದಲ್ಲಿ ಸರಾಸರಿ ಅರ್ಥವಾಯಿತು. 'ರೂಢಿಬೆಲೆ' ಎಂದರೇನು?

ಗೊರಬಲು · ರಾತ್ರಿ 9:22

ಇದಕ್ಕೆ ಮೇಷ್ಟ್ರು ಬೇಡ, ನಾನೇ ಹೇಳುತ್ತೇನೆ. ಶಿವಮೊಗ್ಗ ಎಪಿಎಂಸಿಯ ದರಪಟ್ಟಿ ನೋಡಿದ್ದೀರಲ್ಲ, ರಾಶಿ, ಬೆಟ್ಟೆ, ಸರಕು, ಗೊರಬಲು, ಪ್ರತಿಯೊಂದರ ಎದುರು ಕನಿಷ್ಠ, ಗರಿಷ್ಠ, ಮತ್ತೆ ಮೂರನೆಯದೊಂದು ದರ ಇರುತ್ತದೆ. ಆ ದಿನ ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೋ ಅದು. ಹೆಚ್ಚು ಸಲ ಬರುವ ಬೆಲೆಯೇ ರೂಢಿಬೆಲೆ.

ಸೀಮೆಸುಣ್ಣ · ರಾತ್ರಿ 9:30

ಮೂವತ್ತೊಂದು ವರ್ಷ ನಾನು ಇದನ್ನು ಚಪ್ಪಲಿ ಅಂಗಡಿಯ ಉದಾಹರಣೆ ಕೊಟ್ಟು ಹೇಳಿಕೊಟ್ಟೆ. ನಿಮ್ಮದೇ ಚೆನ್ನಾಗಿದೆ.

ಸಂಕದಾಚೆ · ಮುಂದಿನ ಗುರುವಾರ, ಸಂಜೆ 6:40

ಮೇಷ್ಟ್ರೇ, ತ್ರಿಭುಜಗಳ ಪಾಠ ಮಾಡಿದೆ. ಇಂದು ಬೆಳಿಗ್ಗೆ ಮಳೆ ಬಿಟ್ಟು ಒಂದು ಗಂಟೆ ಬಿಸಿಲು ಬಂತು. ಅಂಗಳದ ತುದಿಯ ಅಡಿಕೆ ಮರದ ಪಕ್ಕ ಮೂರಡಿಯ ಕೋಲು ನೆಟ್ಟೆ, ಅದರ ನೆರಳು ಎರಡಡಿ. ಮರದ ನೆರಳನ್ನು ಮಗಳು ಟೇಪು ಹಿಡಿದು ಅಳೆದಳು, 28. ಮೂರನ್ನು ಎರಡರಿಂದ ಭಾಗಿಸಿ 28ರಿಂದ ಗುಣಿಸಿದೆ. ಎತ್ತರ 42. ಸರಿಯೇ? ನೋಟ್‌ಬುಕ್ಕಿನ ಚಿತ್ರ ಹಾಕಿದ್ದೇನೆ. ಕಂದು ಕಲೆ ಹೋದ ವರ್ಷ ಅಡಿಕೆ ಬೇಯಿಸಿದ ಚೊಗರಿನದು, ಹಳೆಯ ಸಂಘದ ಪುಸ್ತಕದ ಹಿಂದಿನ ಹಾಳೆ ಅದು.

ಸೀಮೆಸುಣ್ಣ · ಸಂಜೆ 7:05

ಉತ್ತರ ಸರಿ. ಎರಡು ತ್ರಿಭುಜಗಳು ಕೋನ-ಕೋನ ನಿರ್ಧಾರಕ ಗುಣದಿಂದ ಸಮರೂಪಿಗಳು ಎಂಬ ಸಾಲು ಬರೆದಿಲ್ಲ, ಒಂದು ಅಂಕ ಹೋಯಿತು. 42 ಏನು? ಅಡಿಯೇ, ಗಜವೇ, ಕ್ವಿಂಟಲೇ? ಏಕಮಾನ ಬರೆದಿಲ್ಲ, ಅರ್ಧ ಅಂಕ ಹೋಯಿತು.

ಫೈಬರ್ ದೋಟಿ · ಸಂಜೆ 7:20

ಅಡಿಕೆ ಕೊನೆ ತೆಗೆಯುವವನಾಗಿ ಒಂದು ಮಾತು. ಅಂಗಳ ಇಳಿಜಾರಿದ್ದರೆ ನೆರಳು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಲೆಕ್ಕ ತಪ್ಪುತ್ತದೆ. ನಮ್ಮ ಕಡೆ ಸಮತಟ್ಟು ನೆಲ ಎಲ್ಲಿದೆ?

ಸೀಮೆಸುಣ್ಣ · ಸಂಜೆ 7:24

ಶಹಭಾಸ್. ಇವರೂ ಕಟ್ಟಬೇಕು.

ಸಂಕದಾಚೆ · ಸಂಜೆ 7:31

ಅಂಗಳ ಸಮವಾಗಿಯೇ ಇದೆ ದೋಟಿಯವರೇ. ಅದಕ್ಕೆ ಸಗಣಿ ಸಾರಿಸಿ ಅಡಿಕೆ ಹರವುವವಳು ನಾನು, ನನಗೆ ಗೊತ್ತಿಲ್ಲವೇ?

42 ಅಡಿ.